ರಿಪೇರಿ ಆದ ಮೇಲೆ ಮುಂದಿನ ಚಕ್ರ ಅಲ್ಲಾಡಿಸಿ ನೋಡಿದಾಗ

ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು, ಅಂದರೆ ಲೋವರ್ ಆರ್ಮ್, ಎರಡೂ ಕಡೆ ಹೊಸದು. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡಿನ ಹೊರತುದಿ, ಅಂದರೆ ಟೈ ರಾಡ್ ಎಂಡ್, ಬಲಗಡೆ ಹೊಸದು. ಇಷ್ಟೆಲ್ಲ ಹಾಕಿಸಿಕೊಂಡು ಗ್ಯಾರೇಜಿನಿಂದ ತಂದ ನಮ್ಮ ಸ್ವಿಫ್ಟ್, ಮನೆ ಹತ್ತಿರದ ಮಣ್ಣು ರಸ್ತೆಗೆ ಇಳಿದ ಕೂಡಲೇ ಮುಂದಿನಿಂದ ಮತ್ತೆ ಟಕ್ ಅಂದಿತು. ಮೊದಲಿನಷ್ಟು ಜೋರಿಲ್ಲ. ಮೊದಲು ಪ್ರತಿ ಗುಂಡಿಗೂ ಲಡಕ್ ಅಂತ ಕಾಲಿನ ಕೆಳಗೇ ಬಡಿಯುತ್ತಿತ್ತು. ಈಗ ಸಣ್ಣ ಸದ್ದು. ಅದೂ ನಿಧಾನಕ್ಕೆ ಹೋಗುವಾಗ, ಸ್ಟೀರಿಂಗ್ ಸ್ವಲ್ಪ ಆಚೀಚೆ ಮಾಡಿದರೆ ಮಾತ್ರ. ರೇಡಿಯೋ ಹಾಕಿಕೊಂಡಿದ್ದರೆ ಕೇಳುವುದೇ ಇಲ್ಲ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರ್ ರಸ್ತೆ ಬಿಟ್ಟು ಒಳಗೆ. ತೋಟದ ಪಕ್ಕದಲ್ಲೇ ರಸ್ತೆ. ಮಳೆಗಾಲದಲ್ಲಿ ಗುಡ್ಡದ ನೀರೆಲ್ಲ ಅದರ ಮೇಲೇ ಹರಿದು ಕೊರಕಲು ಬೀಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೇಲೆ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯ ಅಡಿಭಾಗ ಒಣಗುವುದೇ ಇಲ್ಲ. ಬಾಲ್ ಜಾಯಿಂಟಿನ, ಅಂದರೆ ಲೋವರ್ ಆರ್ಮ್ ಚಕ್ರದ ಕಡೆ ಸೇರುವ ಗುಂಡಿನ ಕೀಲಿನ, ರಬ್ಬರ್ ಟೊಪ್ಪಿಗೆ ಒಂದು ಸಣ್ಣ ಸೀಳು ಬಿದ್ದರೆ ಸಾಕು, ಗ್ರೀಸ್ ಹೊರಗೆ, ಕೆಸರು ಒಳಗೆ. ಆಮೇಲೆ ಒಳಗಿನ ಗುಂಡು ಸವೆಯಲಿಕ್ಕೆ ಜಾಸ್ತಿ ದಿನ ಬೇಡ.

ಸದ್ದು ಸಣ್ಣದಾದರೂ ನಾನು ಬಿಡದಿರಲು ಕಾರಣ ಘಾಟಿ. ಅಮ್ಮನನ್ನು ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗುವುದು ಇದೇ ಕಾರಲ್ಲಿ, ಆಗುಂಬೆ ಘಾಟಿ ಇಳಿದು. 14 ಹೇರ್‌ಪಿನ್ ತಿರುವು. ಇಳಿಯುವಾಗ ಬ್ರೇಕೂ ಹಾಕಬೇಕು, ಸ್ಟೀರಿಂಗೂ ತಿರುಗಿಸಬೇಕು, ಗಾಡಿಯ ಭಾರ ಪೂರ್ತಿ ಮುಂದಕ್ಕೆ ಬಂದು ಕೂರುತ್ತದೆ. ಅಲ್ಲಿ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಬಿಡುತ್ತದೆ. ಟೈ ರಾಡ್ ಕಳಚಿದರೆ ಒಂದು ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಇಂಥ ಜಾಗದಲ್ಲಿ ‘ಇರಲಿ, ನೋಡೋಣ’ ಅನ್ನುವ ಮಾತು ನನಗೆ ಸರಿ ಕಾಣುವುದಿಲ್ಲ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. “ಹೊಸ ಐಟಮ್ ಅಲ್ವಾ, ಸೆಟ್ ಆಗ್ಬೇಕು. ಸ್ವಲ್ಪ ಓಡ್ಲಿ ಬಿಡಿ” ಅಂದರು. ಆರ್ಮಿನ ಒಳತುದಿಯ ಬೋಲ್ಟಿನ ಸುತ್ತ ಇರುವ ರಬ್ಬರ್ ಬುಷ್ ಸ್ವಲ್ಪ ಓಡಿದ ಮೇಲೆ ಹದಕ್ಕೆ ಬರುತ್ತದೆ, ಆ ಮಾತು ನಿಜ. ಆದರೆ ಟಕ್ ಅನ್ನುವುದು ರಬ್ಬರಿನ ಸದ್ದಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. ಎಲ್ಲೋ ಒಂದು ಕಡೆ ಪ್ಲೇ, ಅಂದರೆ ಇರಬಾರದ ಸಡಿಲ, ಇದ್ದೇ ಇದೆ. ಅದು ಎಲ್ಲಿದೆ ಅಂತ ಕೈಯಲ್ಲಿ ಮುಟ್ಟಿ ತಿಳಿದುಕೊಂಡೇ ಗ್ಯಾರೇಜಿಗೆ ಹೋಗಬೇಕು ಅಂದುಕೊಂಡೆ. ಸುಮ್ನೆ ‘ಸದ್ದು ಬರ್ತದೆ’ ಅಂದರೆ ಅವರೂ ಅಂದಾಜಿನ ಮೇಲೆ ಇನ್ನೊಂದು ಸಾಮಾನು ಬದಲಾಯಿಸುತ್ತಾರೆ. ದುಡ್ಡು ಹೋಗುತ್ತದೆ, ಸದ್ದು ಹೋಗುವುದಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಕಾರನ್ನು ಅಡಿಕೆ ಒಣಗಿಸುವ ಸಿಮೆಂಟ್ ಅಂಗಳಕ್ಕೆ ತಂದು ನಿಲ್ಲಿಸಿದೆ. ಸಮ ಇರುವ, ಗಟ್ಟಿ ಇರುವ ಜಾಗ ಇದಕ್ಕೆ ಬೇಕೇ ಬೇಕು. ಮಣ್ಣಿನ ಮೇಲೆ ಜಾಕ್ ಹಾಕಿದರೆ ಭಾರಕ್ಕೆ ಕುಸಿಯುತ್ತದೆ, ಓರೆಯಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಮೊದಲನೇ ಗೇರಿನಲ್ಲಿ ಇಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಟ್ಟೆ. ಕೀ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿದೆ. ಜಾಕ್ ಏರಿಸಿದ ಮೇಲೆ ಸ್ಟೆಪ್ನಿಯನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿ ಇಟ್ಟೆ. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಬರೀ ಜಾಕ್ ನಂಬಿ ಗಾಡಿ ಅಡಿಗೆ ತಲೆ ಹಾಕಬಾರದು. ತಮ್ಮನಿಗೂ ಇದನ್ನು ಮೊದಲೇ ಹೇಳಿದೆ. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಅಲ್ಲಾಡಿಸಬೇಕು, ಇನ್ನೊಬ್ಬರು ಮುಟ್ಟಿ ನೋಡಬೇಕು.

ಜಾಕ್ ಎಲ್ಲಿ ಕೊಡಬೇಕು ಅನ್ನುವುದು ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಸ್ವಿಫ್ಟ್‌ನಂಥ ಕಾರುಗಳಲ್ಲಿ ಮುಂದಿನ ಸ್ಪ್ರಿಂಗ್ ಶಾಕ್‌ ಅಬ್ಸಾರ್ಬರಿನ ಸುತ್ತಲೇ ಇರುತ್ತದೆ. ಗಾಡಿಯ ಭಾರ ಮೇಲಿನಿಂದ ಸೀದಾ ಚಕ್ರಕ್ಕೆ ಬರುತ್ತದೆ. ಕೆಳಗಿನ ಬಾಲ್ ಜಾಯಿಂಟಿಗೆ ಆ ಭಾರ ಇಲ್ಲ, ಚಕ್ರವನ್ನು ಜಾಗದಲ್ಲಿ ಹಿಡಿದಿಡುವುದಷ್ಟೇ ಅದರ ಕೆಲಸ. ಹಾಗಾಗಿ ಗಾಡಿಯ ಬಾಡಿಯ ಕೆಳಗೆ ಜಾಕ್ ಕೊಟ್ಟು ಚಕ್ರವನ್ನು ಜೋತು ಬಿಟ್ಟರೆ ಜಾಯಿಂಟ್ ಸಡಿಲಾಗಿ ನೋಡಲು ಸಿಗುತ್ತದೆ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೇ ಕೂತಿರುವ ಗಾಡಿಗಳಲ್ಲಿ ಹೀಗೆ ಮಾಡಿದರೆ ಪ್ರಯೋಜನ ಇಲ್ಲ. ಸ್ಪ್ರಿಂಗೇ ಜಾಯಿಂಟನ್ನು ಒತ್ತಿ ಹಿಡಿದು ಪ್ಲೇ ಮುಚ್ಚಿಬಿಡುತ್ತದೆ. ಅಲ್ಲಿ ಜಾಕನ್ನು ಆರ್ಮ್ ಕೆಳಗೆ, ಚಕ್ರಕ್ಕೆ ಆದಷ್ಟು ಹತ್ತಿರ ಕೊಟ್ಟು ಎತ್ತಬೇಕು. ಒಂದು ಗಾಡಿಯಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹಾಗೇ ಹಚ್ಚಲಿಕ್ಕೆ ಬರುವುದಿಲ್ಲ.

ಮೊದಲು ಬಲಗಡೆ ಚಕ್ರ. ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಗಡಿಯಾರದ ಹನ್ನೆರಡು ಮತ್ತು ಆರರ ಜಾಗ. ಮೇಲಿಂದ ತಳ್ಳುವುದು, ಕೆಳಗಿಂದ ಎಳೆಯುವುದು, ಮತ್ತೆ ತಿರುಗಾ ಮುರುಗಾ. ಹೀಗೆ ಅಲ್ಲಾಡಿದರೆ ಒಂದೋ ವೀಲ್ ಬೇರಿಂಗ್, ಇಲ್ಲ ಬಾಲ್ ಜಾಯಿಂಟ್. ಎರಡರಲ್ಲಿ ಯಾವುದು ಅಂತ ತಿಳಿಯಲು ಒಳಗೆ ಕೂತವರು ಬ್ರೇಕ್ ತುಳಿದು ಹಿಡಿಯಬೇಕು. ಬ್ರೇಕ್ ಹಿಡಿದಾಗ ಡಿಸ್ಕ್ ಕಚ್ಚಿಕೊಂಡು, ಚಕ್ರದ ಜೊತೆ ತಿರುಗುವ ಹಬ್ಬೂ ಅದನ್ನು ಹೊತ್ತು ನಿಂತ ಕಬ್ಬಿಣದ ತುಂಡಾದ ನಕಲ್ಲೂ ಒಂದಾಗುತ್ತವೆ. ಬೇರಿಂಗಿನ ಪ್ಲೇ ಆಗಿದ್ದರೆ ಅದು ಮಾಯ. ಆಗಲೂ ಅಲ್ಲಾಡಿದರೆ ತೊಂದರೆ ಬೇರಿಂಗಿನ ಆಚೆ ಇದೆ. ರಿಪೇರಿಗೆ ಮುಂಚೆ ನಮ್ಮ ಕಾರಲ್ಲಿ ಬ್ರೇಕ್ ತುಳಿದರೂ ಚಕ್ರ ಕಟಕಟ ಅನ್ನುತ್ತಿತ್ತು. ಹಾಗಾಗಿಯೇ ಬಾಲ್ ಜಾಯಿಂಟ್ ಅಂತ ಗೊತ್ತಾಗಿದ್ದು. ಈ ಮಾದರಿಯಲ್ಲಿ ಬಾಲ್ ಜಾಯಿಂಟ್ ಲೋವರ್ ಆರ್ಮ್ ಜೊತೆಗೇ ಬರುವುದರಿಂದ ಪೂರ್ತಿ ಆರ್ಮೇ ಹಾಕಿಸಬೇಕಾಯಿತು. ಈಗ ಎಷ್ಟು ಜಗ್ಗಿದರೂ ಚಕ್ರ ಮಿಸುಕಲಿಲ್ಲ.

ನಂತರ ಒಂದು ಉದ್ದ ಸಬ್ಬಲ್ ತಂದು ಟೈರಿನ ಅಡಿಗೆ ಕೊಟ್ಟು, ತಮ್ಮನಿಗೆ ನಿಧಾನ ಮೇಲಕ್ಕೆ ಮೀಟಲು ಹೇಳಿದೆ. ನಾನು ಟಾರ್ಚ್ ಹಾಕಿ ಆರ್ಮ್ ಮತ್ತು ನಕಲ್ ನಡುವೆ ಕಣ್ಣಿಟ್ಟೆ. ಚಕ್ರ ಮೇಲೆ ಬಂದರೆ ಆರ್ಮೂ ಜೊತೆಯಲ್ಲೇ ಬರಬೇಕು. ಚಕ್ರ ಮೊದಲು ಎದ್ದು ಆರ್ಮ್ ಆಮೇಲೆ ಎದ್ದರೆ ಅಷ್ಟೂ ಪ್ಲೇ ಅಂತ ಲೆಕ್ಕ. ಎರಡೂ ಒಟ್ಟಿಗೇ ಎದ್ದವು. ರಬ್ಬರ್ ಟೊಪ್ಪಿಯ ಸುತ್ತ ಬೆರಳಾಡಿಸಿ ನೋಡಿದೆ. ಹರಿದಿಲ್ಲ, ಗ್ರೀಸ್ ಜಿನುಗಿಲ್ಲ. ಜಾಯಿಂಟಿನ ಕಡ್ಡಿಯನ್ನು ನಕಲ್ಲಿಗೆ ಕಚ್ಚಿಸುವ ಬೋಲ್ಟೂ ನೋಡಿದೆ. ಕಡ್ಡಿಗೆ ಸುತ್ತ ಒಂದು ಕಚ್ಚು ಇರುತ್ತದೆ. ಬೋಲ್ಟ್ ಆ ಕಚ್ಚಿನಲ್ಲೇ ಹಾದು ಹೋಗಬೇಕು. ಕಡ್ಡಿ ಪೂರ್ತಿ ಒಳಗೆ ಹೋಗದೆ ಸುಮ್ನೆ ಬಿಗಿ ಮಾಡಿದ್ದರೆ ಒಂದಲ್ಲ ಒಂದು ದಿನ ಕೆಳಗೆ ಕಳಚುತ್ತದೆ. ಇದು ಸರಿಯಾಗಿತ್ತು, ನೋಡಿ ಸಮಾಧಾನ ಆಯಿತು.

ಆಮೇಲೆ ಅಡ್ಡಕ್ಕೆ. ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಎಡ ಬಲ. ಎಡಗಡೆ ಚಕ್ರ ನೆಲದ ಮೇಲೇ ಇರುವುದು ಇಲ್ಲಿ ಒಳ್ಳೆಯದು. ಅದು ಎರಡೂ ಚಕ್ರವನ್ನು ಒಟ್ಟಿಗೆ ಎಡಬಲಕ್ಕೆ ತಿರುಗಿಸುವ ಅಡ್ಡ ಸರಳಾದ ಸ್ಟೀರಿಂಗ್ ರ್‍ಯಾಕನ್ನು ತಡೆದು ಹಿಡಿಯುತ್ತದೆ. ಎರಡೂ ಚಕ್ರ ಗಾಳಿಯಲ್ಲಿದ್ದರೆ ಎಲ್ಲವೂ ಒಟ್ಟಿಗೆ ಓಡಾಡಿ ಏನೂ ಗೊತ್ತಾಗುವುದಿಲ್ಲ. ದೊಡ್ಡದಾಗಿ ತಿರುಗಿಸಬಾರದು. ಚಿಕ್ಕದಾಗಿ, ಬೇಗ ಬೇಗ, ಕುಲುಕಿದ ಹಾಗೆ ಮಾಡಬೇಕು.

ಸಿಕ್ಕಿತು. ಕಿವಿಗೆ ಏನೂ ಕೇಳಲಿಲ್ಲ, ಆದರೆ ಅಂಗೈಗೆ ಒಂದು ಸಣ್ಣ ಟಿಕ್ ಬಂತು.

ತಮ್ಮನಿಗೆ ಅಲ್ಲಾಡಿಸಲು ಹೇಳಿ ನಾನು ಚಕ್ರದ ಹಿಂದಿನಿಂದ ಕೈ ಹಾಕಿದೆ. ಮೊದಲು ಹೊಸ ಟೈ ರಾಡ್ ಎಂಡ್ ಮೇಲೆ. ಹೆಬ್ಬೆರಳು ರಾಡ್ ಮೇಲೆ, ತೋರುಬೆರಳು ನಕಲ್ ಮೇಲೆ, ಎರಡೂ ಒಂದೇ ಸಲ ತಾಗುವ ಹಾಗೆ. ಪ್ಲೇ ಇದ್ದರೆ ಒಂದು ಬೆರಳಿನ ಕೆಳಗಿನದು ಮೊದಲು ಹಂದುತ್ತದೆ, ಇನ್ನೊಂದು ತಡವಾಗಿ. ಇಲ್ಲಿ ಎರಡೂ ಕೂಡಿಯೇ ಹಂದಿದವು. ಹೊಸ ಐಟಮ್ ಚೆನ್ನಾಗಿಯೇ ಇತ್ತು.

“ಅಣ್ಣಾ, ಇಲ್ಲಿ ನಂಗೂ ಟಿಕ್ ಟಿಕ್ ಅಂತದೆ. ಎಂತದು ಅದು?” ಅಂದ ತಮ್ಮ.

“ನಿಲ್ಲಿಸ್ಬೇಡ ಮಾರಾಯ, ಹಾಗೇ ಅಲ್ಲಾಡಿಸ್ತಾ ಇರು” ಅಂದೆ.

ರಾಡ್ ಹಿಡಿದುಕೊಂಡೇ ಕೈಯನ್ನು ಒಳಗೆ ಜರುಗಿಸಿದೆ. ರಾಡಿನ ಒಳತುದಿ ಸ್ಟೀರಿಂಗ್ ರ್‍ಯಾಕಿಗೆ ಸೇರುವಲ್ಲಿ ನೆರಿಗೆ ನೆರಿಗೆ ಇರುವ ರಬ್ಬರ್ ಬೆಲ್ಲೋ ಇರುತ್ತದೆ. ಅದರೊಳಗೆ ಇನ್ನೊಂದು ಗುಂಡಿನ ಜಾಯಿಂಟ್, ರ್‍ಯಾಕ್ ಎಂಡ್. ಕಣ್ಣಿಗೆ ಕಾಣುವುದಿಲ್ಲ. ಬೆಲ್ಲೋವನ್ನು ಮೆತ್ತಗೆ ಅದುಮಿ ರಬ್ಬರಿನ ಮೇಲಿಂದಲೇ ಆ ಗುಂಡಿನ ಬಟ್ಟಲನ್ನು ಬೆರಳಿಗೆ ಸಿಗಿಸಿಕೊಂಡೆ. ಅಲ್ಲಿತ್ತು. ರಾಡ್ ಒಳಗೆ ಹೋಗುವಾಗ ಒಂದು ಟಿಕ್, ಹೊರಗೆ ಬರುವಾಗ ಒಂದು ಟಿಕ್. ಬಟ್ಟಲು ಮಾತ್ರ ಅಲ್ಲಾಡದೆ ನಿಂತಿತ್ತು, ಎದುರಿನ ಚಕ್ರ ರ್‍ಯಾಕನ್ನು ಹಿಡಿದಿತ್ತಲ್ಲ. ಬೆಲ್ಲೋವಿನ ಅಡಿಭಾಗದ ಒಂದು ನೆರಿಗೆಯಲ್ಲಿ ಕೂದಲೆಳೆಯಷ್ಟು ಸೀಳು. ಬೆರಳು ತೆಗೆದಾಗ ಕೆಂಪು ಕೆಸರು ಬೆರೆತ ಗ್ರೀಸ್ ಅಂಟಿತ್ತು. ಅದು ನಮ್ಮ ರಸ್ತೆಯ ಮಣ್ಣೇ.

ಒಂದು ಪರೀಕ್ಷೆ ಸಾಲದು ಅಂತ ಗಾಡಿಯನ್ನು ಪೂರ್ತಿ ಇಳಿಸಿ, ಭಾರ ಚಕ್ರದ ಮೇಲೆ ಇರುವಾಗಲೂ ನೋಡಿದೆ. ಇಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ತಮ್ಮ ಒಳಗೆ ಕೂತು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಆಚೀಚೆ ಮಾಡಿದ. ಪೂರ್ತಿ ತಿರುಗಿಸಬೇಡ, ಟೈರ್ ಹಂದಬೇಕು ಅಷ್ಟೇ ಅಂದಿದ್ದೆ. ನಾನು ಬದಿಯಿಂದ ಕೈ ಹಾಕಿ ಮತ್ತೆ ಅದೇ ಜಾಗ ಮುಟ್ಟಿದೆ. ಈಗ ಟಿಕ್ ಇನ್ನೂ ಸ್ಪಷ್ಟ. ಜಾಕ್ ಮೇಲೆ ಸಿಗದ ಪ್ಲೇ ಎಷ್ಟೋ ಸಲ ಹೀಗೆ ನೆಲದ ಮೇಲೆ ಸಿಗುತ್ತದೆ, ಟೈರ್ ನೆಲ ಹಿಡಿದು ಎದುರು ಒತ್ತಡ ಕೊಡುವುದರಿಂದ.

ಅಂಗಳದಲ್ಲಿ ಗಾಡಿ ನಿಂತಿದ್ದಾಗಲೇ ಉಳಿದದ್ದನ್ನೂ ನೋಡಿದೆ. ಬಾನೆಟ್ ಎತ್ತಿ, ಸ್ಟ್ರಟ್, ಅಂದರೆ ಸ್ಪ್ರಿಂಗ್ ಸುತ್ತಿದ ಆ ಶಾಕ್ ಅಬ್ಸಾರ್ಬರ್, ಮೇಲೆ ಬಂದು ಸೇರುವಲ್ಲಿ ಕೈಯಿಟ್ಟು ಸ್ಟೀರಿಂಗ್ ತಿರುಗಿಸಲು ಹೇಳಿದೆ. ಅಲ್ಲಿನ ಮೌಂಟ್ ಹಾಳಾಗಿದ್ದರೆ ಸ್ಪ್ರಿಂಗ್ ಸೆಟೆದು ಧಡ್ ಅಂತ ಬಿಡುತ್ತದೆ. ಹಾಗೇನೂ ಇಲ್ಲ. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಅಡ್ಡ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡನ್ನು ನೋಡುವುದಾದರೆ ಎರಡೂ ಚಕ್ರ ಒಂದೇ ಮಟ್ಟದಲ್ಲಿರಬೇಕು. ಒಂದು ಕಡೆ ಮಾತ್ರ ಜಾಕ್ ಏರಿಸಿದರೆ ಅಡ್ಡ ಬಾರ್ ತಿರುಚಿಕೊಂಡು ಲಿಂಕನ್ನು ಎಳೆದು ಹಿಡಿಯುತ್ತದೆ, ಪ್ಲೇ ಗೊತ್ತಾಗುವುದೇ ಇಲ್ಲ. ಲಿಂಕ್ ಎರಡೂ ಬಿಗಿ ಇದ್ದವು, ಎಡಗಡೆಯದರ ರಬ್ಬರ್ ಮಾತ್ರ ಹಳತಾಗಿತ್ತು.

ಇನ್ನೊಂದು ವಿಷಯ ಕಂಡಿತು. ಬಾನೆಟ್ ಮೇಲೆ ಭಾರ ಬಿಟ್ಟು ಗಾಡಿಯನ್ನು ಒತ್ತಿದಾಗ ಎಡಗಡೆಯಿಂದ ಕಿರ್ ಅಂತ ಒಣ ಸದ್ದು. ಲೋವರ್ ಆರ್ಮಿನ ಮುಂದಿನ ಬುಷ್ ಹತ್ತಿರ ಟಾರ್ಚ್ ಹಾಕಿದರೆ, ಹೊಸ ರಬ್ಬರ್ ಒಂದು ಪಕ್ಕಕ್ಕೆ ತಿರುಚಿ ಸುಕ್ಕು ಬಿದ್ದಿತ್ತು. ಈ ಬುಷ್‌ಗಳಲ್ಲಿ ರಬ್ಬರ್ ಒಳಗಿನ ಪೈಪಿಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಆರ್ಮ್ ಯಾವ ಕೋನದಲ್ಲಿದೆಯೋ ಅದೇ ಅದಕ್ಕೆ ಆರಾಮದ ಜಾಗ. ಚಕ್ರ ಜೋತುಬಿದ್ದಾಗ ಬಿಗಿ ಮಾಡಿದರೆ, ಗಾಡಿ ಕೆಳಗೆ ಕೂತ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಅಂಥದ್ದು ಬೇಗ ಹರಿಯುತ್ತದೆ. ಆಗ ಬ್ರೇಕ್ ಹಾಕಿದಾಗ, ರಿವರ್ಸ್‌ನಿಂದ ಮುಂದಕ್ಕೆ ಹಾಕಿದಾಗ ಡಗ್ ಅನ್ನಲು ಶುರು. ಕೈಯಲ್ಲಿ ದುಡ್ಡು ಕೊಟ್ಟು ಹಾಕಿಸಿದ ಸಾಮಾನು ಬರೀ ಬಿಗಿ ಮಾಡಿದ ಕ್ರಮದಿಂದ ಹಾಳಾಗುತ್ತದಲ್ಲ ಅಂತ ನೋಡಿ ಬೇಜಾರಾಯಿತು.

ಮರುದಿನ ಗ್ಯಾರೇಜಿಗೆ ಹೋದಾಗ ವಾದ ಏನೂ ಆಗಲಿಲ್ಲ. “ಅಣ್ಣಾ, ಬಲಗಡೆ ರ್‍ಯಾಕ್ ಎಂಡಲ್ಲಿ ಪ್ಲೇ ಇದೆ. ಒಂದ್ಸಲ ಬೆಲ್ಲೋ ಮೇಲೆ ಕೈ ಇಟ್ಟು ನೋಡಿ” ಅಂದೆ. ಹುಡುಗನಿಗೆ ಚಕ್ರ ಅಲ್ಲಾಡಿಸಲು ಹೇಳಿ ಅವರೇ ಪಿಟ್ಟಿಗೆ ಇಳಿದರು. ಸ್ವಲ್ಪ ಹೊತ್ತು ಮಾತಿಲ್ಲ.

“ಹೌದು ಮಾರಾಯ್ರೆ, ಇದೆ. ಮೊನ್ನೆ ಹೊರಗಿಂದು ಪೂರ್ತಿ ಹೋಗಿತ್ತಲ್ಲ, ಅದರ ಗಲಾಟೇಲಿ ಇದು ಕೈಗೇ ಸಿಗ್ಲಿಲ್ಲ” ಅಂದರು.

ಈ ಮಾತು ನನಗೆ ಪೂರ್ತಿ ಒಪ್ಪಿಗೆ ಆಯಿತು. ದೊಡ್ಡ ಪ್ಲೇ ಇರುವಾಗ ಸಣ್ಣ ಪ್ಲೇ ಅದರ ಹಿಂದೆ ಅಡಗಿರುತ್ತದೆ. ದೊಡ್ಡದನ್ನು ತೆಗೆದ ಮೇಲೆಯೇ ಅದು ಮುಖ ತೋರಿಸುವುದು. ಹಾಗಾಗಿ ರಿಪೇರಿಗೆ ಮುಂಚೆ ಮಾಡಿದ ಪರೀಕ್ಷೆಯನ್ನು ರಿಪೇರಿ ಆದ ಮೇಲೂ ಮೊದಲಿಂದ, ಒಂದೊಂದೇ ಜಾಯಿಂಟ್ ಹಿಡಿದು ಮಾಡಬೇಕು. ಬದಲಾಯಿಸಿದ ಸಾಮಾನು ಮಾತ್ರ ನೋಡಿದರೆ ಅರ್ಧ ಕೆಲಸ. ಗ್ಯಾರೇಜಿನಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಡ, ಆದರೆ ಸಂಜೆ ಹೊತ್ತು ಮುಂದಿನ ಗಾಡಿ ಕಾಯುತ್ತಿರುವಾಗ ಬಿಟ್ಟುಹೋಗುವುದೂ ಇದೇ.

ಬುಷ್ ವಿಷಯ ಹೇಳಿದಾಗ “ಜಾಕ್ ಮೇಲೇ ಟೈಟ್ ಮಾಡಿದ್ದು” ಅಂತ ಹುಡುಗ ಒಪ್ಪಿಕೊಂಡ. ಗಾಡಿಯನ್ನು ಪಿಟ್ ಮೇಲೆ ನಾಲ್ಕೂ ಚಕ್ರದಲ್ಲಿ ನಿಲ್ಲಿಸಿ, ಎರಡೂ ಆರ್ಮಿನ ಬೋಲ್ಟ್ ಸಡಿಲ ಮಾಡಿದರು. ಮುಂದಿನಿಂದ ಗಾಡಿಯನ್ನು ಒತ್ತಿ ಒತ್ತಿ ಬಿಟ್ಟು, ಅದು ತನ್ನ ಮಟ್ಟಕ್ಕೆ ಬಂದು ನಿಂತ ಮೇಲೆ ಟಾರ್ಕ್ ರೆಂಚ್ ಹಾಕಿ ಬಿಗಿ ಮಾಡಿದರು. ಮತ್ತೆ ಒತ್ತಿ ನೋಡಿದೆ. ಕಿರ್ ಇಲ್ಲ.

ರ್‍ಯಾಕ್ ಎಂಡ್ ಮತ್ತು ಬೆಲ್ಲೋ ಎರಡೂ ಹೊಸದು ಹಾಕಿದರು. ಬೆಲ್ಲೋ ಕ್ಲಿಪ್ಪುಗಳನ್ನು ನಾನೇ ಮುಟ್ಟಿ ನೋಡಿದೆ. ಅದು ಸಡಿಲ ಇದ್ದರೆ ನೀರು ಒಳಗೆ ಹೋಗಿ ಬರೀ ಜಾಯಿಂಟ್ ಅಲ್ಲ, ರ್‍ಯಾಕೇ ತುಕ್ಕು ಹಿಡಿಯುತ್ತದೆ. ರ್‍ಯಾಕ್ ಅಂದರೆ ದೊಡ್ಡ ಖರ್ಚು. ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಬಂತೋ ಅಷ್ಟೇ ಸುತ್ತು ಮತ್ತೆ ಹಾಕಿದರು. ಅಲೈನ್‌ಮೆಂಟ್ ಮಾಡಿಸುವವರೆಗೆ ಗಾಡಿ ಸುಮಾರಾಗಿ ನೇರ ಹೋಗಲಿ ಅಂತ. ನಟ್ ತಿರುಗದಂತೆ ಅಡ್ಡ ತೂರಿಸುವ ಸ್ಪ್ಲಿಟ್ ಪಿನ್ ಇರುವ ನಟ್ಟುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಬಿಗಿ ಮಾಡಿ ಕೂಡಿಸಬೇಕು. ತೂತಿಗೋಸ್ಕರ ಹಿಂದಕ್ಕೆ ಸಡಿಲಿಸಬಾರದು.

ಅಲೈನ್‌ಮೆಂಟಿಗೆ ಶಿವಮೊಗ್ಗಕ್ಕೆ ಹೋದೆ. ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರು ದಾಟಿ ಹೋಗುವ ಆ ರಸ್ತೆಯಲ್ಲಿ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಓರೆ ಇಟ್ಟರೆ ಮಾತ್ರ ಗಾಡಿ ನೇರ ಹೋಗುತ್ತಿತ್ತು. ರ್‍ಯಾಕ್ ಎಂಡ್ ಬದಲಾಯಿಸಿದ ಮೇಲೆ ಇದು ಸಹಜ. ಅಲ್ಲಿನ ಹುಡುಗ ಕೆಲಸ ಗೊತ್ತಿದ್ದವನು. ಸೆನ್ಸರ್ ಕಟ್ಟುವ ಮೊದಲು ನಾಲ್ಕೂ ಟೈರಿನ ಗಾಳಿ ನೋಡಿದ, ಮುಂದಿನ ಎರಡೂ ಚಕ್ರ ಹಿಡಿದು ಅಲ್ಲಾಡಿಸಿದ. “ಪ್ಲೇ ಇದ್ರೆ ನಾನು ಮಾಡಲ್ಲ ಸಾರ್, ಇವತ್ತು ಕೂಡಿಸಿದ್ದು ನಾಳೆ ಇರಲ್ಲ” ಅಂದ. ಜಾಯಿಂಟ್ ಲೂಸ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸುವವರು ಎಷ್ಟೋ ಜನ ಇದ್ದಾರೆ. ಆಮೇಲೆ ಟೈರಿನ ಒಂದೇ ಅಂಚು ಸವೆದಾಗ ಟೈರಿನ ಮೇಲೆ ತಪ್ಪು ಹೊರಿಸುತ್ತಾರೆ. ಸ್ಟೀರಿಂಗ್ ನಡುವಿಗೆ ಕಟ್ಟಿ, ಎರಡೂ ಕಡೆ ಟೋ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ, ಸರಿ ಮಾಡಿ, ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ರೀಡಿಂಗ್ ತೆಗೆದು ತೋರಿಸಿದ. ಲಾಕ್ ನಟ್ ಬಿಗಿ ಮಾಡುವಾಗಲೂ ರಾಡ್ ಸ್ವಲ್ಪ ತಿರುಗಿ ಲೆಕ್ಕ ತಪ್ಪಬಹುದು, ಹಾಗಾಗಿ ಆ ಕೊನೆಯ ರೀಡಿಂಗ್ ಕೇಳಿಯೇ ನೋಡಬೇಕು.

ಮನೆಗೆ ಬಂದು ಮತ್ತೆ ಅದೇ ಅಂಗಳದಲ್ಲಿ ಜಾಕ್ ಏರಿಸಿದೆವು. ಈ ಸಲ ತಮ್ಮ ಮುಟ್ಟಿ ನೋಡುವ ಕೆಲಸ ತಾನೇ ಕೇಳಿಕೊಂಡ. ನಾನು ಅಲ್ಲಾಡಿಸಿದೆ. ಹೊರಗಿನ ಜಾಯಿಂಟ್, ಬೆಲ್ಲೋ, ಬಾಲ್ ಜಾಯಿಂಟ್, ಮೇಲಿನ ಮೌಂಟ್, ಒಂದೊಂದೇ ಹೇಳುತ್ತಾ ಹೋದ. “ಎಂತದೂ ಇಲ್ಲ ಅಣ್ಣಾ” ಅಂದ. ಎಡಗಡೆಯದೂ ಹಾಗೇ ಮುಗಿಸಿದೆವು. ಆಮೇಲೆ ಮಣ್ಣು ರಸ್ತೆಯಲ್ಲಿ ಗಾಜು ಇಳಿಸಿ ನಿಧಾನಕ್ಕೆ ಓಡಿಸಿ, ಕೊರಕಲಿನಲ್ಲಿ ಬೇಕಂತಲೇ ಒಂದೊಂದೇ ಚಕ್ರ ಇಳಿಸಿ, ಇಳಿಜಾರಿನಲ್ಲಿ ಬ್ರೇಕ್ ಹಾಕಿ ಸ್ಟೀರಿಂಗ್ ತಿರುಗಿಸಿ ನೋಡಿದೆ. ಟೈರಿನಡಿ ಜಲ್ಲಿ ಸರಿಯುವ ಸದ್ದು ಬಿಟ್ಟರೆ ಬೇರೆ ಇಲ್ಲ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಟಕಟಕ ಬಂದರೆ ಅದು ಡ್ರೈವ್ ಶಾಫ್ಟಿನ ಜಾಯಿಂಟ್. ಅದೂ ಬರಲಿಲ್ಲ. ಆ ವಾರವೇ ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿದೆ.

ಸ್ವಲ್ಪ ದಿನ ಓಡಿದ ಮೇಲೆ ವೀಲ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿದೆ. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ಇದನ್ನು ಮಾಡಬೇಕು. ಜೊತೆಗೆ ಆರ್ಮಿನ ಬೋಲ್ಟು, ಟೈ ರಾಡ್ ನಟ್ಟು, ಲಾಕ್ ನಟ್ಟು ಎಲ್ಲದರ ಮೇಲೂ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ನಟ್ಟಿನಿಂದ ಪಕ್ಕದ ಕಬ್ಬಿಣಕ್ಕೆ ದಾಟುವ ಹಾಗೆ. ನಟ್ ಸ್ವಲ್ಪ ತಿರುಗಿದರೂ ಗೆರೆ ಮುರಿಯುತ್ತದೆ. ಪಾನಾ ಹಿಡಿಯದೆ ಟಾರ್ಚ್ ಹಾಕಿದರೇ ಗೊತ್ತಾಗುತ್ತದೆ. ಮೊನ್ನೆ ಗಾಡಿ ತೊಳೆಯುವಾಗ ನೋಡಿದೆ, ಗೆರೆಗಳೆಲ್ಲ ಸೀದಾ ಇವೆ. ಎಡಗಡೆ ಲಿಂಕ್ ರಾಡಿನ ರಬ್ಬರ್ ಮಾತ್ರ ಬಿರುಕು ಬಿಡಲು ಶುರು ಮಾಡಿದೆ. ಮಳೆ ಹಿಡಿಯುವ ಮೊದಲು ಹಾಕಿಸಬೇಕು ಅಂತ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ.